ಆ ಸಂಖ್ಯೆ ಅಳೆಯುವುದು ಕಸವನ್ನಲ್ಲ

ಮಿದುಳು ತನ್ನೊಳಗಿನ ಕಸವನ್ನು, ಅಂದರೆ ಅಲ್ಲಿ ಉಂಟಾಗುವ ಬೇಡದ ವಸ್ತುಗಳನ್ನು, ಹೊರಹಾಕುವುದರ ಬಗ್ಗೆ ಒಂದು ಲೇಖನ ಓದಿದೆ. ಕಸ ಸರಿಯಾಗಿ ಹೊರಹೋಗದವರ ಮಿದುಳು ಕುಗ್ಗಿರುತ್ತದೆ ಎಂದು ಆ ಲೇಖನ ಹೇಳುತ್ತದೆ. ಅದಕ್ಕೆ ಆಧಾರ ಎಂಆರ್‌ಐನಿಂದ ಸಿಗುವ ಆಲ್ಪ್ಸ್ (ALPS) ಸೂಚ್ಯಂಕ ಎಂಬ ಸಂಖ್ಯೆ. ನನ್ನ ತಕರಾರು ಇಲ್ಲೇ.

2017ರಲ್ಲಿ ಜಪಾನಿನ ಸಂಶೋಧಕರು ತಂದ ಈ ವಿಧಾನ ಕಸವನ್ನು ನೋಡುವುದೇ ಇಲ್ಲ. ಮಿದುಳಿನೊಳಗೆ ದ್ರವ ತುಂಬಿದ ಕೋಣೆಗಳಿವೆಯಲ್ಲ, ಅವುಗಳ ಪಕ್ಕದ ಸಣ್ಣ ಜಾಗದಲ್ಲಿ ರಕ್ತನಾಳಗಳ ಗುಂಟ ನೀರಿನ ಅಣುಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂದು ಅಂದಾಜು ಮಾಡುತ್ತದೆ, ಅಷ್ಟೆ. ಅದೇ ಜಾಗದಲ್ಲಿ ನರತಂತುಗಳೂ ಒತ್ತೊತ್ತಾಗಿ ಹಾದುಹೋಗುತ್ತವೆ. ಅವು ಹಾಳಾದರೆ, ಕಸ ಸಾಗಣೆ ಸರಿಯಿದ್ದರೂ ಸಂಖ್ಯೆ ಬದಲಾಗಬಹುದು. ಅಂದಮೇಲೆ ಅದು ಮಿದುಳಿನ ರಚನೆಯ ಜೊತೆ ತಾಳೆಯಾಗುವುದರಲ್ಲಿ ಆಶ್ಚರ್ಯ ಏನಿದೆ? ಸ್ವಲ್ಪ ಮಟ್ಟಿಗೆ ರಚನೆಯನ್ನು ರಚನೆಗೇ ಹೋಲಿಸಿದ ಹಾಗಾಯಿತು, ಅಲ್ವಾ?

ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸ್ಕ್ಯಾನಿನಲ್ಲಿ ಎದ್ದು ಕಾಣುವ ಗ್ಯಾಡೋಲಿನಿಯಂ ಎಂಬ ವಸ್ತುವನ್ನು ಚುಚ್ಚಿ, ಅದು ಹೇಗೆ ಸಾಗುತ್ತದೆ ಎಂದು ನೋಡಲು ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದು ಇದಕ್ಕಿಂತ ನೇರ ದಾರಿ. ನಾರ್ವೆಯಲ್ಲಿ ಮಾಡಿದ್ದಾರೆ. ಆದರೆ ಆರೋಗ್ಯವಾಗಿರುವವರ ಬೆನ್ನಿಗೆ ಸುಮ್ನೆ ಸೂಜಿ ಹಾಕಲು ಆಗುವುದಿಲ್ಲವಲ್ಲ! ಆಲ್ಪ್ಸ್‌ನ ಬಳಕೆ ಜಾಸ್ತಿಯಾಗಿರುವುದು ಅದಕ್ಕೇ.

ಇನ್ನು ನಿದ್ದೆಯಲ್ಲಿ ಮಿದುಳು ತನ್ನನ್ನು ತೊಳೆದುಕೊಳ್ಳುತ್ತದೆ ಎಂಬ ಮಾತು. 2013ರ ಇಲಿ ಪ್ರಯೋಗ ಹಾಗೆ ಹೇಳಿತ್ತು. 2024ರಲ್ಲಿ ಇಲಿಗಳ ಮೇಲೇ ನಡೆದ ಇನ್ನೊಂದು ಅಧ್ಯಯನಕ್ಕೆ ಸಿಕ್ಕಿದ್ದು ಇದರ ಉಲ್ಟಾ. ಲೇಖನದಲ್ಲಿ ಮೊದಲನೆಯದು ಮಾತ್ರ ಇದೆ.