ಅರ್ಥ ಆಯ್ತಾ ಅಂದ್ರೆ ಆಯ್ತು ಸಾರ್

ನಾನು ಓದಿದ್ದು ದಾವಣಗೆರೆಲಿ, ಈಗ ಪಾಠ ಮಾಡ್ತಿರೋದು ಓಹಾಯೋದ ಒಂದು ಸಣ್ಣ ಕಾಲೇಜಲ್ಲಿ, ಫಿಸಿಕ್ಸು. ಊರಿಂದ ಉಪ್ಪಿನಕಾಯಿ ಜೊತೆ ತಂದಿರೋ ಇನ್ನೊಂದು ಸಾಮಾನು ಅಂದ್ರೆ ಹತ್ತು ನಿಮಿಷಕ್ಕೊಂದ್ಸಲ "ಅರ್ಥ ಆಯ್ತಾ?" ಅನ್ನೋ ಚಾಳಿ. ನಮ್ ಕಡೆ ಅದಕ್ಕೆ ಇಡೀ ಕ್ಲಾಸು "ಆಯ್ತು ಸಾರ್" ಅಂತ ರಾಗ ಎಳೀತಿತ್ತು, ಲಾಸ್ಟ್ ಬೆಂಚಲ್ಲಿ ಮಲಗಿದ್ದೋನೂ ಸೇರಿ. ಇಲ್ಲಿ ರಾಗ ಇಲ್ಲ, ಸುಮ್ನೆ ತಲೆ ಆಡಿಸ್ತಾರೆ, ಅಷ್ಟೇ. ಅಮೆರಿಕದ ಹುಡುಗ್ರು ಮುಗಿಬಿದ್ದು ಪ್ರಶ್ನೆ ಕೇಳ್ತಾರೆ ಅನ್ನೋದೆಲ್ಲ ಸಿನಿಮಾದಲ್ಲಿ.

ಇಲ್ಲೊಂದು ಪದ್ಧತಿ ಇದೆ, ಕ್ಲಾಸ್ ಮುಗಿಯೋಕೆ ಎರಡು ನಿಮಿಷ ಇರೋವಾಗ ಸಣ್ಣ ಕಾರ್ಡ್ ಕೊಟ್ಟು, ಇವತ್ತು ಏನು ಗೊತ್ತಾಗ್ಲಿಲ್ಲ ಅಂತ ಹೆಸರು ಹಾಕದೆ ಬರೆಸೋದು. ಮೊದಲ್ನೇ ಸಲನೇ ಒಬ್ರು ಪೆನ್ಸಿಲ್ಲಲ್ಲಿ ಬರೆದಿದ್ರು: ಪ್ರಶ್ನೆ ಕೇಳ್ತೀರಿ, ನಾವು ಯೋಚನೆ ಮಾಡೋಷ್ಟರಲ್ಲಿ ನೀವೇ ಉತ್ತರ ಹೇಳ್ತೀರಿ. ಉರಿದೋಯ್ತು ನಂಗೆ. ಆಮೇಲೆ ನನ್ ಪಾಠ ನಾನೇ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದ್ರೆ ನಿಜಾನೇ, ಒಂದು ಸೆಕೆಂಡೂ ಕಾಯ್ತಿರ್ಲಿಲ್ಲ. ಮೂರು ಸೆಕೆಂಡು ಕಾದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ ಅಂತ ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ರು. ಬೋರ್ಡ್ ಮುಂದೆ ಮೂರು ಸೆಕೆಂಡು ಬಾಯಿ ಮುಚ್ಕೊಂಡು ನಿಂತು ನೋಡಿ, ಬಸ್ ಸ್ಟ್ಯಾಂಡಲ್ಲಿ ಒಂದು ಗಂಟೆ ಕಾದಂಗಾಗುತ್ತೆ.

ಹಾರ್ವರ್ಡಿನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1991ರಲ್ಲಿ ಶುರು ಮಾಡಿದ್ದು ಇನ್ನೊಂದು ಪದ್ಧತಿ ಇದೆ. ಲಾರಿ, ಸಣ್ಣ ಕಾರು ಡಿಕ್ಕಿ ಹೊಡೆದ್ರೆ ಯಾವುದ್ರ ಮೇಲೆ ಜಾಸ್ತಿ ಬಲ ಬೀಳುತ್ತೆ, ಈ ಥರ ಕೇಳಿ ವೋಟ್ ಹಾಕ್ಸೋದು, ಉತ್ತರ ಹೇಳದೆ ಪಕ್ಕದೋರ ಜೊತೆ ವಾದಕ್ಕೆ ಬಿಡೋದು, ಮತ್ತೆ ವೋಟು. ನನ್ ಕ್ಲಾಸಲ್ಲಿ ಮೊದಲು ಮುಕ್ಕಾಲು ಪಾಲು ಜನ ಕಾರು ಅಂದ್ರು (ನ್ಯೂಟನ್ನನ ಮೂರನೇ ನಿಯಮ, ಅಂದ್ರೆ ಎರಡು ವಸ್ತು ಒಂದರ ಮೇಲೊಂದು ಹಾಕೋ ಬಲ ಸಮ ಅನ್ನೋದನ್ನ, ಐದು ನಿಮಿಷ ಮುಂಚೆ ಗಿಣಿ ಥರ ಒಪ್ಪಿಸಿದೋರೇ), ಗಲಾಟೆ ಆದ್ಮೇಲೆ ಎರಡೂ ಸಮ ಅನ್ನೋರೇ ಜಾಸ್ತಿ.

ನಂಗೆ ನೆನಪಾಗಿದ್ದು ನಮ್ ಹಾಸ್ಟೆಲ್. ಪರೀಕ್ಷೆ ಹಿಂದಿನ ರಾತ್ರಿ "ಲೇ, ಹಂಗಲ್ಲಲೇ" ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಒಬ್ರಿಗೊಬ್ರು ಹೇಳ್ಕೊಡ್ತಿದ್ವಲ್ಲ, ಇದೂ ಅದೇ. ಕ್ಲಾಸಲ್ಲಿ ಮಾತ್ರ ನೋಟ್ಸ್ ಡಿಕ್ಟೇಷನ್. ಮೇಷ್ಟ್ರನ್ನ ಬಯ್ಯಲ್ಲ, ಅವ್ರಿಗೆ ನೂರಿಪ್ಪತ್ತು ಜನ, ಇಂಟರ್ನಲ್ಸು, ಪೋರ್ಷನ್ ಮುಗಿಸೋ ಗಡಿಬಿಡಿ, ನಂಗೆ ಇರೋದು 28 ಜನ.

ಆದ್ರೆ ಹೆಸರಿಲ್ಲದೆ ಬರೆಸೋ ಆ ಚೀಟಿಗೆ ಕಾಸು ಬೇಡ್ವಲ್ಲ ಅಂತ ಊರಲ್ಲಿ ಲೆಕ್ಚರರ್ ಆಗಿರೋ ತಂಗಿಗೆ ಹೇಳ್ದೆ, ಮಾಡಿದ್ಲು. ರಾತ್ರಿ ಫೋನು: "ಅಣ್ಣ, ಅರವತ್ತು ಚೀಟಿ ಬಂತು, ನಲವತ್ತರಲ್ಲಿ ಎಲ್ಲಾ ಅರ್ಥ ಆಯ್ತು ಮೇಡಂ ಅಂತಿದೆ. ಹೆಸರು ಬೇಡ ಅಂದಿದ್ದೆ, ರಿಜಿಸ್ಟರ್ ನಂಬರ್ ಬರೆದಿದಾರೆ."