ಕರಡಿಯ ಹೊಟ್ಟೆಯ ಮೇಲಿನ ಲೆಕ್ಕ

"ರೀ, ಇದನ್ನ ರದ್ದಿಗೆ ಹಾಕ್ಲಾ?"

ಅಟ್ಟದ ಮೇಲಿಂದ ಈ ಪ್ರಶ್ನೆ ಇಳಿದು ಬಂದಾಗ ನಾನು ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದೆ. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಯ ಹಿಂದುಮುಂದು ನಮ್ಮ ಮನೆಯಲ್ಲಿ ಗೊಂಬೆ ಇಳಿಸುವ ಕಾರ್ಯಕ್ರಮ. ನನ್ನ ಪಾಲಿನ ಕೆಲಸ ಏಣಿ ಹಿಡಿಯುವುದು, ಸೀನುವುದು ಮತ್ತು ಈ ಪ್ರಶ್ನೆಗೆ "ಬೇಡ" ಎನ್ನುವುದು. 'ಇದು' ಎಂದರೆ ನನ್ನ ಬಿಸ್ಕತ್ತಿನ ತಗಡಿನ ಡಬ್ಬಿ. ಒಳಗೆ ಸುಮಾರು ಮುನ್ನೂರು ಬೆಂಕಿಪೊಟ್ಟಣದ ಚಿತ್ರಗಳಿವೆ. ಮೂವತ್ತೆಂಟು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಕೇಳುವ ದನಿ ಮಾತ್ರ ವರ್ಷ ವರ್ಷಕ್ಕೂ ಆಸೆ ತುಂಬಿಕೊಳ್ಳುತ್ತಿದೆ.

ನನಗೆ ಬೇಜಾರು ಡಬ್ಬಿಯನ್ನು ಕೇಳಿದ್ದಕ್ಕಲ್ಲ. ಅದರ ಪಕ್ಕದಲ್ಲೇ ಎರಡು ದೊಡ್ಡ ಟ್ರಂಕು ಇವೆಯಲ್ಲ, ಅವುಗಳ ಬಗ್ಗೆ ಯಾರೂ ಏನೂ ಕೇಳುವುದಿಲ್ಲ! ಅತ್ತೆಯವರು ಧಾರೆಯ ದಿನ ಕೊಟ್ಟ ರಕ್ತಚಂದನದ ಪಟ್ಟದ ಗೊಂಬೆಗಳು ನನ್ನ ಹಳೇ ಪಂಚೆಯಲ್ಲಿ ಹಸುಗೂಸಿನ ಹಾಗೆ ಸುತ್ತಿಕೊಂಡು ಮಲಗಿವೆ. ಶೆಟ್ಟಿ, ಶೆಟ್ಟಮ್ಮ, ಅವರ ದಿನಸಿ ಅಂಗಡಿ. ಮದುವೆಯ ದಿಬ್ಬಣ, ವಾಲಗದವರು, ಒಂದು ಕ್ರಿಕೆಟ್ ತಂಡ (ಹನ್ನೊಂದರಲ್ಲಿ ಎಂಟು ಜನ ಉಳಿದಿದ್ದಾರೆ). ಚನ್ನಪಟ್ಟಣದವಂತೂ ಲೆಕ್ಕಕ್ಕೇ ಸಿಕ್ಕಿಲ್ಲ. ಆಲೆ ಮರ ಕಡೆದು, ಅರಗಿನ ಬಣ್ಣ ಹಿಡಿಸಿ, ತಾಳೆಗರಿ ಒತ್ತಿ ಹೊಳಪು ಕೊಟ್ಟ ಆ ಗೊಂಬೆಗಳು ಚೆನ್ನ, ನಾನೇನೂ ಇಲ್ಲ ಅನ್ನುವುದಿಲ್ಲ. ಮೊದಲಾದರೆ ಮೈಸೂರಿಗೆ ಹೋಗುವಾಗ ದಾರಿಯಲ್ಲೇ ಅಂಗಡಿ ಸಾಲು ಸಿಗುತ್ತಿತ್ತು. 2023ರಲ್ಲಿ ಹೊಸ ಹೆದ್ದಾರಿ ಊರನ್ನು ಬದಿಗೆ ಬಿಟ್ಟು ಹೋಯಿತು. ಸದ್ಯ ಖರ್ಚು ಉಳಿಯಿತು ಅಂದುಕೊಂಡೆ. ಈಗ ಅದಕ್ಕೆಂದೇ ಹೆದ್ದಾರಿ ಬಿಟ್ಟು ಇಳಿದು, ಒಂದು ಬುಗುರಿ ಕೊಂಡು, ಮತ್ತೆ ಹತ್ತುತ್ತೇವೆ.

ಅವಳು ಒಟ್ಟು ಮಾಡಿದರೆ ಸಂಪ್ರದಾಯ, ನಾನು ಒಟ್ಟು ಮಾಡಿದರೆ ಕಸ. ಅವಳದಕ್ಕೆ ಒಂಬತ್ತು ಮೆಟ್ಟಿಲು, ಆರತಿ, ನೋಡಲು ಬಂದವರಿಗೆ ಚರುಪು. ನನ್ನದನ್ನು ನೋಡಲು ಇಲ್ಲಿಯತನಕ ಬಂದವರು ಇಬ್ಬರು, ಅವರಲ್ಲೊಬ್ಬ ಪ್ಲಂಬರ್.

ಮೊಮ್ಮಗಳಾದರೂ ನನ್ನ ಕಡೆ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಅವಳೂ ಒಟ್ಟು ಮಾಡುವವಳೇ. ಲಬುಬು ಅನ್ನುವ ಗೊಂಬೆಯಂತೆ, ಮೊಲದ ಕಿವಿ, ಕಿಸಿದ ಹಲ್ಲು, ದೃಷ್ಟಿಬೊಂಬೆಯ ದಾಯಾದಿ. ಡಬ್ಬಿ ಒಡೆಯುವತನಕ ಒಳಗೆ ಯಾವುದಿದೆ ಅಂತಲೇ ಗೊತ್ತಾಗುವುದಿಲ್ಲವಂತೆ, ಅದೇ ಮಜವಂತೆ. ಏನಿದೆ ಅಂತ ಗೊತ್ತಿಲ್ಲದೆ ಸಾವಿರಗಟ್ಟಲೆ ಕೊಡುವುದಕ್ಕೆ ನಮ್ಮ ಕಾಲದಲ್ಲಿ ಬೇರೆ ಹೆಸರಿತ್ತು. "ತಾತ, ನಿಮ್ಮ ಕಲೆಕ್ಷನ್ನಿಗೆ ಬೆಲೆ ಎಷ್ಟು?" ಎಂದು ಕೇಳಿದಳು. ಬೆಂಕಿಪೊಟ್ಟಣ ಹದಿನಾಲ್ಕು ವರ್ಷ ಒಂದೇ ರೂಪಾಯಿಗೆ ನಿಂತಿತ್ತು, 2021ರ ಡಿಸೆಂಬರ್‌ನಲ್ಲಿ ಎರಡಾಯಿತು ಎಂದೆ. ಅವಳು ಪಾಪ, ಪ್ಲಂಬರನಿಗಿಂತ ಬೇಗ ಎದ್ದು ಹೋದಳು.

ಬೆಲೆಯ ಮಾತು ಬಂದಾಗ ಕರಡಿಯ ವಿಷಯ ಹೇಳದೆ ಇರಲಾರೆ.

ನಾನಾಗ ಹುಣಸೂರಿನಲ್ಲಿ ಐದನೇ ಕ್ಲಾಸು. ಬೀದಿಯ ಹುಡುಗರಿಗೆಲ್ಲ ಬೆಂಕಿಪೊಟ್ಟಣದ ಚಿತ್ರವೇ ದುಡ್ಡು. ಹಡಗು ಬೇಕಾದಷ್ಟು, ಅದಕ್ಕೆ ಚಿಲ್ಲರೆಯ ಮರ್ಯಾದೆ. ಶಿವಕಾಶಿಯಿಂದ ಬರುವ ಸಣ್ಣಪುಟ್ಟ ಪೊಟ್ಟಣಗಳಲ್ಲೇ ಅಪರೂಪದ ಚಿತ್ರ ಇರುತ್ತಿದ್ದದ್ದು: ನವಿಲು, ಗಡಿಯಾರ, ಎರಡು ಕತ್ತರಿ. ಅಂಥ ಹೊತ್ತಿನಲ್ಲಿ ಅಕ್ಕನ ಮದುವೆಗೆಂದು ತಿಪಟೂರಿನ ದೊಡ್ಡಪ್ಪ ಬಂದರು. ಕೊಬ್ಬರಿ ವ್ಯಾಪಾರ. ಹಿತ್ತಿಲ ಕಲ್ಲಿನ ಮೇಲೆ ಕೂತು ಬೀಡಿಗೆಂದು ಜುಬ್ಬದ ಜೇಬಿನಿಂದ ಪೊಟ್ಟಣ ತೆಗೆದರು. ಹಳದಿ ಕಾಗದದ ಮೇಲೆ ಕೆಂಪು ಸೈಕಲ್ಲು, ಸೈಕಲ್ಲಿನ ಮೇಲೆ ಕರಡಿ!

ಖಾಲಿಯಾದರೆ ಕೊಡುತ್ತಾರೆ, ಕೇಳಿದರೆ ಬೈಯುತ್ತಾರೆ. ಅವರು ಸ್ನಾನಕ್ಕೆ ಹೋದಾಗ ಎಣಿಸಿದೆ, ನಲವತ್ತಾರು ಕಡ್ಡಿ. ಇರುವುದು ಐದು ದಿನ, ಬೀಡಿ ದಿನಕ್ಕೆ ಹತ್ತಾದರೂ ಬೇಕು, ಲೆಕ್ಕ ಸರಿಹೋಗುತ್ತದೆ ಅಂತ ಖುಷಿಪಟ್ಟೆ. ಆದರೆ ದೊಡ್ಡಪ್ಪ ಕೊಬ್ಬರಿ ವ್ಯಾಪಾರಿ. ಒಲೆಯಲ್ಲಿ ಕೆಂಡ ಇರುವಾಗ ಕಡ್ಡಿ ಗೀರುವವನು ಮನೆ ಉಳಿಸುತ್ತಾನೆಯೆ ಎನ್ನುವ ಪೈಕಿ. ಬೀಡಿ ಹತ್ತು, ಕಡ್ಡಿ ಮೂರು.

ಉಳಿದದ್ದನ್ನು ನಾನೇ ತೀರಿಸಬೇಕಾಯಿತು. ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು "ದೊಡ್ಡಪ್ಪ, ಬೆಂಕಿಪೊಟ್ಟಣ ಕೊಡಿ" ಎಂದು ಇಸಿದುಕೊಂಡು ದೇವರ ದೀಪ ಹಚ್ಚಿದೆ. ಊದಿನಕಡ್ಡಿ ಹಚ್ಚಿದೆ. ಹಂಡೆ ಒಲೆಗೆ ಉರಿ ಹಾಕಿದೆ. ಗಾಳಿ ಬಂತು ಅಂತ ಪ್ರತಿಯೊಂದಕ್ಕೂ ಎರಡೆರಡು ಕಡ್ಡಿ ಗೀರಿದೆ. ಸಂಜೆ ತುಳಸಿಕಟ್ಟೆಗೂ ನಾನೇ. ಮೊಮ್ಮಗನಿಗೆ ದೈವಭಕ್ತಿ ಬಂದಿದೆ, ವಂಶದಲ್ಲಿ ಒಬ್ಬ ದಾಸನಾಗುತ್ತಾನೆ ಎಂದು ಅಜ್ಜಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಚಪ್ಪರದ ಕೆಳಗೆ ಕೂತ ಯಾರೋ ಹಿರಿಯರು ನನ್ನನ್ನು ಕರೆದು ಶ್ಲೋಕ ಹೇಳಿಸಿ ನಾಲ್ಕಾಣೆ ಕೊಟ್ಟರು. ಅದರಲ್ಲಿ ಒಂದು ಪೊಟ್ಟಣ ಕೊಳ್ಳಬಹುದಿತ್ತು, ಆದರೆ ಹುಣಸೂರಿನ ಯಾವ ಅಂಗಡಿಯಲ್ಲೂ ಕರಡಿ ಇರಲಿಲ್ಲ. ಎಲ್ಲ ಕಡೆ ಕೇಳಿ ಬಂದಿದ್ದೆ.

ಐದನೇ ದಿನ ಬೆಳಗ್ಗೆ ಉಳಿದದ್ದು ಎರಡು ಕಡ್ಡಿ. ಆಗಲೇ ದೊಡ್ಡಪ್ಪ ಹೊರಟು ನಿಂತರು. ಅವರ ಚೀಲ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಅಲ್ಲಿ ಅವರ ಪರಿಚಯದವರು ಯಾರೋ ಸಿಕ್ಕಿ ಕೊಬ್ಬರಿ ಧಾರಣೆ ಹೇಳಿದರು. ಕಾಗದಕ್ಕೆ ತಡಕಾಡಿದ ದೊಡ್ಡಪ್ಪ ಪೊಟ್ಟಣ ತೆಗೆದು, ಬಾಲ್‌ಪೆನ್ನಿನಿಂದ ಕರಡಿಯ ಹೊಟ್ಟೆಯ ಮೇಲೆ ಒತ್ತಿ ಒತ್ತಿ ಮೂರು ಅಂಕಿ ಬರೆದರು. ನನ್ನ ಎದೆಗೇ ಬರೆದ ಹಾಗಾಯಿತು. ಬಸ್ಸು ಬಂತು. ಎರಡು ಕಡ್ಡಿ ಜೇಬಿಗೆ ಉದುರಿಸಿಕೊಂಡು ಪೊಟ್ಟಣ ನನ್ನ ಕೈಗಿಟ್ಟರು.

"ತಗೋ. ಐದು ದಿನದಿಂದ ದೀಪ ಹಚ್ಚಿದ್ದೂ ಹಚ್ಚಿದ್ದೇ!"

"ಲೆಕ್ಕ ಬರ್ದಿದೀರಲ್ಲ ದೊಡ್ಡಪ್ಪ?"

"ಒಂದು ಸಲ ಬರೆದ್ರೆ ಆಯ್ತು ಕಣೋ, ಮರೆಯಲ್ಲ."

ಹಾಗಾದರೆ ಅಂಗೈಮೇಲೆ ಬರೆದುಕೊಳ್ಳಬಾರದಿತ್ತೆ? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಚಿತ್ರವನ್ನು ನೀರಲ್ಲಿ ನೆನೆಸಿ ಬಿಡಿಸುವಾಗ ಕೊನೆಯ ಅಂಕಿ ಕದಡಿತು, ಎಂಟೋ ಒಂಬತ್ತೋ ತಿಳಿಯದು. ಬೀದಿಯ ಹುಡುಗರು ಗೀಚಿದ ಕರಡಿಗೆ ಎರಡು ಹಡಗಿಗಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. ಹಾಗಾಗಿ ನನ್ನಲ್ಲೇ ಉಳಿಯಿತು.

ವಸ್ತು ಒಟ್ಟು ಮಾಡುವ ಸುಖ ಯಾವುದರಲ್ಲಿದೆ ಎಂದು ಬರೆಯಲು ಕೂತಿದ್ದೆ. ಒಂದು ಒಳ್ಳೆಯ ಮಾತೂ ಹೊಳೆದಿತ್ತು, ಬೆಳಗ್ಗೆ ಕಾಫಿಯ ಹೊತ್ತಿಗೆ. ಅಷ್ಟರಲ್ಲಿ ಹಲಗೆ ಜೋಡಿಸಲು ಕೂಗು ಬಂತು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ ವಾಲುತ್ತಿದ್ದ. ಪುಸ್ತಕ ಇಟ್ಟು ನೋಡಿದೆವು, ತೆಳುವಾಯಿತು. ಇಟ್ಟಿಗೆ ಎತ್ತರವಾಯಿತು. ಅವಳ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಮೇಲೆ ಬಿಳಿ ಬಟ್ಟೆ ಹಾಸಿ, "ಕೊನೆಗೂ ಉಪಯೋಗಕ್ಕೆ ಬಂತು ನೋಡಿ" ಎಂದಳು.

ಇದನ್ನು ಬರೆಯುತ್ತ ಆ ಅಂಕಿ ಎಂಟೋ ಒಂಬತ್ತೋ ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡೋಣ ಅನ್ನಿಸಿತು. ಈಗ ಮುಟ್ಟುವಂತಿಲ್ಲ. ವಿಜಯದಶಮಿ ಕಳೆಯಲಿ.