ಸರ್ಟಿಫಿಕೇಟ್ ಆಮೇಲೆ ನೋಡೋಣ, ಮೊದಲು ಇಎಸ್‌ಐ ಲೆಕ್ಕ ಹೇಳಿ

ನಿನ್ನೆ ಇಡೀ ದಿನ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಿದ್ದೆ. ನಮ್ಮ ಕಾರ್ಖಾನೆಗೆ ಒಬ್ಬರು ಎಚ್‌ಆರ್ ಎಕ್ಸಿಕ್ಯುಟಿವ್ ಬೇಕಾಗಿದ್ದಾರೆ. ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ. ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೂರನೆಯವನಾಗಿ ಒಬ್ಬ ಹುಡುಗ ಬಂದ. ಚುರುಕಾಗಿದ್ದ, ನಡತೆಯೂ ಚೆನ್ನಾಗಿತ್ತು. ಹೆಸರಿನ ಮುಂದೆ ಎರಡು ವಿದೇಶಿ ಸರ್ಟಿಫಿಕೇಶನ್. ನಾನು ಕೇಳಿದ್ದು ಒಂದೇ ಪ್ರಶ್ನೆ, ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಬಗ್ಗೆ. ‘ಒಬ್ಬ ಆಪರೇಟರ್‌ಗೆ ಏಪ್ರಿಲ್‌ನಲ್ಲಿ 20,500 ಸಂಬಳ. ಜೂನ್‌ನಲ್ಲಿ ಇನ್‌ಕ್ರಿಮೆಂಟ್ ಆಗಿ 21,600 ಆಯ್ತು. ಇಎಸ್‌ಐ ಕಟ್ಟೋದು ಯಾವಾಗ ನಿಲ್ಲಿಸ್ತೀರಿ?’

‘ಜೂನ್‌ನಿಂದಲೇ ಮೇಡಂ. ಮಿತಿ 21,000 ಅಲ್ವಾ’ ಅಂದ.

ಜೂನ್‌ನಿಂದ ಅಲ್ಲ. ಇಎಸ್‌ಐ ಕಟ್ಟೋದಕ್ಕೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಅವಧಿ. ನಡುವೆ ಸಂಬಳ ಮಿತಿ ದಾಟಿದರೂ ಸೆಪ್ಟೆಂಬರ್ ಕೊನೆಯವರೆಗೆ ಕಟ್ಟಲೇಬೇಕು. ಕಾಯಿಲೆ ಬಿದ್ದಾಗ ದುಡ್ಡು ಸಿಗಬೇಕಾದರೆ ಆ ಅವಧಿಯಲ್ಲಿ ಕನಿಷ್ಠ 78 ದಿನದ್ದು ಕಟ್ಟಿರಬೇಕು. ಜೂನ್‌ನಲ್ಲೇ ನಿಲ್ಲಿಸಿದರೆ ಆ ಆಪರೇಟರ್‌ಗೆ ಆ ಲೆಕ್ಕ ತುಂಬಲ್ಲ. ಮುಂದಿನ ಜನವರಿಯಿಂದ ಜೂನ್ ಒಳಗೆ ಕಾಯಿಲೆ ಬಿದ್ದು ಮಲಗಿದರೆ, ದಿನಕ್ಕೆ ಸಂಬಳದ 70% ಲೆಕ್ಕದಲ್ಲಿ ಬರಬೇಕಾದ ದುಡ್ಡು ಕೈತಪ್ಪುತ್ತೆ. ನಮಗೆ ಅದು ಕಂಪ್ಯೂಟರ್‌ನಲ್ಲಿ ಒಂದು ಕ್ಲಿಕ್. ಅವನಿಗೆ ಮನೆ ಬಾಡಿಗೆ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದಿದ್ದರೆ ಆರು ತಿಂಗಳಲ್ಲಿ ಕಲಿಯುತ್ತಾನೆ. ನನ್ನ ಸಿಟ್ಟು ಆಮೇಲೆ ನಡೆದದ್ದರ ಮೇಲೆ. ಪ್ಯಾನೆಲ್‌ನಲ್ಲಿದ್ದ ಉಳಿದ ಇಬ್ಬರೂ ಅವನಿಗೇ ಜಾಸ್ತಿ ಅಂಕ ಕೊಟ್ಟರು. ‘ಪ್ರೊಫೈಲ್ ಸ್ಟ್ರಾಂಗ್ ಇದೆ’ ಅಂದರು. ಟೀ ಹೊತ್ತಿಗೆ ಮೇಜಿನ ಮೂಲೆಯಲ್ಲಿ ಕರೆಯದೇ ಬಿಟ್ಟವರ ಅರ್ಜಿಗಳು ಕಂಡವು. ಮೇಲಿದ್ದದ್ದು ಕನಕಪುರ ಕಡೆಯ ಒಬ್ಬ ಹುಡುಗಿಯದು. ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ. ಆರು ವರ್ಷ ಟೈಮ್ ಆಫೀಸ್‌ನಲ್ಲಿ ಕೆಲಸ. ಹಾಜರಿ, ಓಟಿ, ಪಿಎಫ್, ಇಎಸ್‌ಐ, ಕ್ಯಾಂಟೀನ್ ಕಮಿಟಿ, ಎಲ್ಲ ಮಾಡಿದ್ದಾಳೆ. ಮೊದಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಎರಡೇ ಪದ: ‘ಸರ್ಟಿಫಿಕೇಶನ್ ಇಲ್ಲ’.

ಕೆಲಸ ಗೊತ್ತಾ ಅಂತ ಯಾರೂ ಕೇಳಲೇ ಇಲ್ಲ.

ನನ್ನ ಹೊಸೂರು ರಸ್ತೆಯ ಗಾರ್ಮೆಂಟ್ಸ್ ದಿನಗಳು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಕಾರ್ಮಿಕರ ಕ್ಷೇಮ ನೋಡುವ ವೆಲ್‌ಫೇರ್ ಆಫೀಸರ್ ಆಗಿದ್ದೆ. 2016ರ ಫೆಬ್ರವರಿಯಲ್ಲಿ ಪಿಎಫ್ ನಿಯಮ ಬದಲಾಯಿತು. ಕೆಲಸ ಬಿಟ್ಟರೂ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ. ಸುತ್ತೋಲೆ ಇಂಗ್ಲಿಷ್‌ನಲ್ಲಿತ್ತು. ನೋಟಿಸ್ ಬೋರ್ಡಿಗೆ ಅಂಟಿಸಿ ಸುಮ್ಮನಾದೆ. ಏಪ್ರಿಲ್ 18ಕ್ಕೆ ಸಾವಿರಾರು ಹೆಣ್ಣುಮಕ್ಕಳು ರಸ್ತೆಗೆ ಇಳಿದರು. ಮಾರನೇ ದಿನವೂ ನಿಲ್ಲಲಿಲ್ಲ. ಕೊನೆಗೆ ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು.

ಆವತ್ತು ಗೇಟಿನ ಹತ್ತಿರ ಒಬ್ಬ ಟೈಲರ್ ಅಕ್ಕ ನನ್ನ ಕೈ ಹಿಡಿದುಕೊಂಡರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ಸೀರೆ ಮೇಲೆಲ್ಲ ದಾರದ ಚೂರು. ‘ಮಗಳ ಮದುವೆಗೆ ಅಂತ ಇಟ್ಟಿದ್ದ ದುಡ್ಡು ಕಣಮ್ಮಾ ಅದು. ನಿನಗೆ ಮೊದಲೇ ಗೊತ್ತಿತ್ತಲ್ಲ, ನಮಗೆ ಯಾಕೆ ಹೇಳಲಿಲ್ಲ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಚ್‌ಆರ್ ಅಂದರೆ ಏನು ಅಂತ ನನಗೆ ಕಲಿಸಿದ್ದು ಆ ಕೈ. ಅಲ್ಲಿಂದ ಮುಂದೆ ಒಂದು ಸುತ್ತೋಲೆ ಬಂದರೂ ಕನ್ನಡದಲ್ಲಿ ಬರೆದು, ಊಟದ ಹೊತ್ತಿನಲ್ಲಿ ಕ್ಯಾಂಟೀನ್‌ನಲ್ಲಿ ನಿಂತು ಓದಿ ಹೇಳುತ್ತೇನೆ. ಇದಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲ್ಲ.

ಪ್ಯಾನೆಲ್‌ನಲ್ಲಿ ಒಬ್ಬರು ಹೇಳಿದರು, ‘ಡಾಕ್ಟರಿಗೆ, ಸಿಎಗೆ ಒಂದು ಮಾನದಂಡ ಇದೆ. ಎಚ್‌ಆರ್‌ಗೂ ಬೇಡವಾ?’ ಬೇಕು, ಯಾರು ಬೇಡ ಅಂದರು? ಆದರೆ ಬರೀ ಪರೀಕ್ಷೆ ಬರೆದು ಯಾರೂ ಸಿಎ ಆಗಲ್ಲ. ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಆರ್ಟಿಕಲ್‌ಶಿಪ್ ಮಾಡಬೇಕು. ಅದರ ಬೆನ್ನಿಗೆ 1949ರ ಕಾಯ್ದೆ ಇದೆ. ಡಾಕ್ಟರೂ ವಾರ್ಡಿನಲ್ಲಿ ಓಡಾಡಿಯೇ ಡಾಕ್ಟರ್ ಆಗೋದು. ನಮ್ಮಲ್ಲಿ ಆರು ವರ್ಷ ವಾರ್ಡಿನಲ್ಲಿ ಓಡಾಡಿದವಳನ್ನು ಬಿಟ್ಟು, ಪರೀಕ್ಷೆ ಬರೆದವನನ್ನು ಕೂರಿಸಿಕೊಳ್ಳುತ್ತೇವೆ. ಪಿಎಚ್‌ಆರ್ ಅನ್ನೋ ಅಮೆರಿಕದ ಎಚ್‌ಆರ್ ಸರ್ಟಿಫಿಕೇಶನ್ ಪರೀಕ್ಷೆ ಅಲ್ಲಿನ ಕಾನೂನಿಗೆ ಮಾಡಿದ್ದು. ಹೊರಗಿನವರಿಗೆ ಪಿಎಚ್‌ಆರ್‌ಐ ಅಂತ ಬೇರೆ ಇದೆ. ಅದರಲ್ಲಿ ಅಮೆರಿಕದ ಕಾನೂನು ಬಿಟ್ಟಿದ್ದಾರೆ, ನಿಜ. ಅದರ ಜಾಗಕ್ಕೆ ನಮ್ಮ ಇಎಸ್‌ಐ, ಪಿಎಫ್ ಏನೂ ಬಂದು ಕೂತಿಲ್ಲ.

ಇನ್ನೊಂದು ಮಾತು. ಎಚ್‌ಆರ್‌ನವರ ಸಂಸ್ಥೆಯಾದ ಬ್ರಿಟನ್ನಿನ ಸಿಐಪಿಡಿ ಇವತ್ತು ದೊಡ್ಡ ಹೆಸರು. 1913ರಲ್ಲಿ ಅದು ಶುರುವಾದಾಗ ಅದರ ಹೆಸರೇ ವೆಲ್‌ಫೇರ್ ವರ್ಕರ್ಸ್ ಅಸೋಸಿಯೇಶನ್. ಕಾರ್ಖಾನೆಯ ಕಾರ್ಮಿಕರ ಕ್ಷೇಮ ನೋಡುತ್ತಿದ್ದವರು ಸೇರಿ ಕಟ್ಟಿದ ಸಂಘ. ಅಂಥ ಕೆಲಸ ಮಾಡಿದ ಹುಡುಗಿಯ ಅರ್ಜಿಯೇ ನಮ್ಮ ಮೇಜಿನ ಮೂಲೆಯಲ್ಲಿ ಬಿದ್ದಿತ್ತು.

ಈಗ ನಿಮಗೆ ಹೇಳದ ಒಂದು ವಿಷಯ ಹೇಳುತ್ತೇನೆ. ನಾನೂ ಎಸ್‌ಎಚ್‌ಆರ್‌ಎಂ ಅನ್ನೋ ಅಮೆರಿಕದ ಎಚ್‌ಆರ್ ಸಂಸ್ಥೆಯ ಸರ್ಟಿಫಿಕೇಶನ್ ಪರೀಕ್ಷೆ ಬರೆದು ಪಾಸಾದವಳು. ಎರಡು ಸಲ ಪ್ರಮೋಷನ್ ತಪ್ಪಿದ ಮೇಲೆ, 2018ರಲ್ಲಿ. ಅಮ್ಮ ಕೊಟ್ಟ ಬಳೆ ಅಡ ಇಟ್ಟು ಫೀಸು ಕಟ್ಟಿದೆ. ಮನೆಯಲ್ಲೂ ಹೇಳಿರಲಿಲ್ಲ. ಓದಿದ್ದು ವ್ಯರ್ಥ ಆಗಲಿಲ್ಲ. ಬಂದ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಒಂದೇ ಅಳತೆಯಲ್ಲಿ ಅಂಕ ಕೊಡಬೇಕು ಅನ್ನೋದನ್ನು ನಾನು ಗಟ್ಟಿಯಾಗಿ ಕಲಿತದ್ದು ಅಲ್ಲೇ. ಆ ಸರ್ಟಿಫಿಕೇಟ್ ಉಳಿಯಬೇಕಾದರೆ ಮೂರು ವರ್ಷಕ್ಕೆ 60 ಕ್ರೆಡಿಟ್ ಸೇರಿಸಬೇಕು, ಇಲ್ಲ ಮತ್ತೆ ಪರೀಕ್ಷೆ ಬರೆಯಬೇಕು. 2021ರಲ್ಲಿ ಮಗಳ ಪಿಯುಸಿ ಫೀಸು ಎದುರಿಗಿತ್ತು. ಬಿಟ್ಟುಬಿಟ್ಟೆ. ಅದು ಹೋದ ಮೇಲೆ ನನ್ನ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ. ಓದಬೇಡಿ ಅಂತ ಯಾವ ಹುಡುಗ ಹುಡುಗಿಗೂ ನಾನು ಹೇಳಲ್ಲ. ಓದಿ. ಆದರೆ ಅದನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುವ ಟಿಕೆಟ್ ಮಾಡಬೇಡಿ ಅಂತ ನಮ್ಮಂಥ ಕುರ್ಚಿಯಲ್ಲಿ ಕೂತವರಿಗೆ ಹೇಳುತ್ತಿದ್ದೇನೆ.

ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ಕ್ಕೆ ಜಾರಿಗೆ ಬಂದವು. ಮೊದಲು 500 ಕಾರ್ಮಿಕರಿರುವ ಕಾರ್ಖಾನೆಗೆ ಒಬ್ಬ ವೆಲ್‌ಫೇರ್ ಆಫೀಸರ್ ಕಡ್ಡಾಯ ಇತ್ತು. ಹೊಸ ಸಂಹಿತೆಯಲ್ಲಿ 250 ಇದ್ದರೂ ಬೇಕು. ಎಂಎಸ್‌ಡಬ್ಲ್ಯೂ ಮಾಡಿ ಕೂತಿರುವ ನಮ್ಮ ಮಕ್ಕಳಿಗೆ ಇದು ಒಳ್ಳೆಯ ಸುದ್ದಿ ಆಗಬೇಕು. ಪೆನ್ಸಿಲ್‌ನಲ್ಲಿ ಎರಡು ಪದ ಬರೆದು ಪಕ್ಕಕ್ಕೆ ಇಡುತ್ತಾ ಹೋದರೆ ಹೇಗೆ ಆಗುತ್ತೆ?

ನಿನ್ನೆ ಆ ಅರ್ಜಿ ನೋಡಿಯೂ ನಾನು ಬಾಯಿ ಬಿಡಲಿಲ್ಲ. ಟೀ ಕುಡಿದು ಮತ್ತೆ ಒಳಗೆ ಹೋಗಿ ಕೂತೆ. ನಿದ್ದೆ ಬಾರದ್ದು ಅದಕ್ಕೇ.

ಇವತ್ತು ಬೆಳಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋದವಳೇ ಆ ಹುಡುಗಿಗೆ ಫೋನ್ ಮಾಡಿದೆ. ಅದೇ ಪ್ರಶ್ನೆ ಕೇಳಿದೆ. ಏಪ್ರಿಲ್, ಜೂನ್, 21,600. ಹಿಂದೆ ಎಲ್ಲೋ ಪಂಚಿಂಗ್ ಮಷೀನ್ ಸದ್ದು ಕೇಳಿಸುತ್ತಿತ್ತು.

‘ಸೆಪ್ಟೆಂಬರ್ ಕೊನೆವರೆಗೂ ಕಟ್ಟಬೇಕು ಮೇಡಂ’ ಅಂದಳು. ‘ಇಲ್ಲಾಂದ್ರೆ ಜನವರಿಯಿಂದ ಅವರಿಗೆ ಲಾಸ್ ಆಗುತ್ತೆ. ನಮ್ಮಲ್ಲಿ ಒಬ್ಬರಿಗೆ ಹಾಗೆ ಆಗಿತ್ತು, ನಾನೇ ಇಎಸ್‌ಐ ಆಫೀಸಿಗೆ ಹೋಗಿ ಸರಿ ಮಾಡಿಸ್ಕೊಂಡು ಬಂದೆ.’

ಅರ್ಜಿ ಮೇಲಿದ್ದ ಪೆನ್ಸಿಲ್ ಬರಹ ಅಳಿಸಿ, ಉಳಿದ ಇಬ್ಬರಿಗೂ ಮೇಲ್ ಹಾಕಿದೆ. ಗುರುವಾರ ಹನ್ನೊಂದಕ್ಕೆ ಅವಳ ಇಂಟರ್‌ವ್ಯೂ. ಎಲ್ಲಿ ಇಳಿಯಬೇಕು ಅಂತ ಕೇಳಿದಳು. ಮೆಟ್ರೋದಲ್ಲಿ ಬಂದು ಪೀಣ್ಯ ಇಂಡಸ್ಟ್ರಿಯಲ್ಲಿ ಇಳಿ ಅಂತ ಹೇಳಿದ್ದೇನೆ.